ಲಿಸ್ಲ್ ಸೀಮೆಯ ಮನೆಗಳು: ಇದ್ದ ಗೋಡೆಗಳೊಳಗೇ ಜಾಗ ಹುಡುಕಿದ ಬಗೆ

ಶಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಡ್ಯುಪೇಜ್ ಕೌಂಟಿಗೆ ಸೇರಿದ ಲಿಸ್ಲ್ ಊರಿದೆ. ಅಲ್ಲಿನ ಸಾಧಾರಣ ಮನೆಯೊಂದರಲ್ಲಿ ಬೀದಿಯಿಂದ ಕಾಣದ ಜಾಗ ಮೂರು ಕಡೆ ಇರುತ್ತದೆ: ನೆಲದಡಿ, ಸೂರಿನಡಿ, ಗೋಡೆಯ ಒಳಗೆ. ಈ ಸೀಮೆಯಲ್ಲಿ ಕೈ ಬಿಗಿಯಿದ್ದ ಕುಟುಂಬಗಳು ಹೊಸ ಕೋಣೆ ಕಟ್ಟಿಸಿದ್ದು ಕಡಿಮೆ. ಈ ಮೂರು ಜಾಗಗಳನ್ನು ಒಂದೊಂದಾಗಿ ಬಳಕೆಗೆ ತಂದುಕೊಂಡೇ ಅವು ಮನೆಯನ್ನು ಹಿಗ್ಗಿಸಿಕೊಂಡವು. ಯಾವ ಜಾಗ ಯಾವಾಗ ಕೈಗೆ ಬಂತು ಎಂಬುದನ್ನು ಮನೆಯವರ ಜಾಣ್ಮೆಗಿಂತ ಹೆಚ್ಚಾಗಿ ಮರ, ಮೊಳೆ, ಕಲ್ಲಿದ್ದಲು, ಮಂಜುಗಡ್ಡೆ ಮತ್ತು ಬ್ಯಾಂಕಿನ ಸಾಲ ನಿರ್ಧರಿಸಿದವು.

ಲಿಸ್ಲ್‌ನಲ್ಲಿ ಬಿಳಿಯರ ನೆಲಸುವಿಕೆ 1832ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಿಂದ ಬಂದ ಜೇಮ್ಸ್ ಮತ್ತು ಲೂಥರ್ ಹ್ಯಾಚ್ ಸೋದರರಿಂದ ಶುರುವಾಯಿತು. 1864ರಲ್ಲಿ ರೈಲು ಬಂತು. 1874ರಲ್ಲಿ ಕಟ್ಟಿದ ರೈಲು ನಿಲ್ದಾಣವನ್ನು ಇಂದು ಲಿಸ್ಲ್ ಸ್ಟೇಷನ್ ಪಾರ್ಕ್ ಎಂಬ ವಸ್ತುಸಂಗ್ರಹಾಲಯದ ಆವರಣದಲ್ಲಿ ಉಳಿಸಿಕೊಂಡಿದ್ದಾರೆ. ಮಾರ್ಕ್ ಬೋಬಿಯನ್ ನಡೆಸುತ್ತಿದ್ದ ಹಳೆಯ ಛತ್ರವೂ 1850ರ ದಶಕದ ನೆಟ್ಜ್‌ಲಿ-ಯೆಂಡರ್ ರೈತಮನೆಯೂ ಅದೇ ಆವರಣದಲ್ಲಿವೆ. ಆ ಕಾಲದ ರೈತನ ಸಾಮಾನು ಇಂದಿನ ಕಣ್ಣಿಗೆ ಬಹಳ ಕಡಿಮೆ. ಬಟ್ಟೆಗೆ ಗೋಡೆಯ ಗೂಟ, ಹಾಸಿಗೆ ಹೊದಿಕೆಗೆ ಮರದ ಪೆಟ್ಟಿಗೆ, ತಟ್ಟೆ ಲೋಟಗಳಿಗೆ ಒಂದು ತೆರೆದ ಹಲಗೆ ಇದ್ದರೆ ಸಂಸಾರ ನಡೆಯುತ್ತಿತ್ತು. ಹಳೆಯ ಅಮೆರಿಕನ್ ಮನೆಗಳಲ್ಲಿ ಗೋಡೆಗೆ ಸೇರಿದ ಬಟ್ಟೆಕೋಣೆಗಳು ಇಲ್ಲದಿರುವುದಕ್ಕೆ, ಅವುಗಳನ್ನೂ ಕೋಣೆಯೆಂದು ಎಣಿಸಿ ತೆರಿಗೆ ಹಾಕುತ್ತಿದ್ದರು ಎಂಬ ಕಾರಣವನ್ನು ಮಾರ್ಗದರ್ಶಕರು ಇವತ್ತಿಗೂ ಪ್ರವಾಸಿಗರಿಗೆ ಹೇಳುವುದುಂಟು. ಕೇಳಲು ಚೆಂದವಾಗಿರುವ ಈ ಮಾತಿಗೆ ಆಧಾರವಿಲ್ಲ. ತುಂಬಿಡುವಷ್ಟು ಬಟ್ಟೆಯೇ ಜನರ ಬಳಿ ಇರಲಿಲ್ಲ.

ಗೋಡೆಯೊಳಗೆ ಟೊಳ್ಳು ಜಾಗ ಹುಟ್ಟಿದ್ದು ಕಟ್ಟುವ ವಿಧಾನ ಬದಲಾದದ್ದರಿಂದ. ಅದಕ್ಕೆ ಮುಂಚೆ ಮರದ ಮನೆಯೆಂದರೆ ದಪ್ಪ ತೊಲೆಗಳನ್ನು ಕೊರೆದು, ಒಂದರ ನಾಲಿಗೆಯನ್ನು ಇನ್ನೊಂದರ ಕುಳಿಗೆ ಕೂರಿಸಿ, ನುರಿತ ಬಡಗಿಗಳು ಕಟ್ಟುವ ಕೆಲಸ. 1830ರ ದಶಕದ ಶಿಕಾಗೊದಲ್ಲಿ ಬಡಗಿಗಳು ಕಡಿಮೆಯಿದ್ದರು, ಮನೆ ಬೇಕಾದವರು ಬಹಳ ಮಂದಿ. ಅಲ್ಲಿ ಗರಗಸದ ಮಿಲ್ಲಿನಲ್ಲಿ ಕೊಯ್ದ ತೆಳು ರಿಪೀಸುಗಳನ್ನು ಸಾಲಾಗಿ ನಿಲ್ಲಿಸಿ, ಯಂತ್ರದಲ್ಲಿ ತಯಾರಾದ ಮೊಳೆಗಳಿಂದ ಜಡಿಯುವ ‘ಬಲೂನ್ ಚೌಕಟ್ಟು’ ಬಳಕೆಗೆ ಬಂತು. 1832ರ ಒಂದು ಉಗ್ರಾಣಕ್ಕಾಗಿ ಜಾರ್ಜ್ ಸ್ನೋ ಅವರನ್ನೂ 1833ರ ಸೇಂಟ್ ಮೇರಿ ಚರ್ಚಿಗಾಗಿ ಆಗಸ್ಟಿನ್ ಟೇಲರ್ ಅವರನ್ನೂ ಇದರ ಮೂಲಪುರುಷರೆಂದು ಹೇಳುವ ವಾಡಿಕೆಯಿದೆ. ಯಾರೇ ಆಗಿರಲಿ, ಮಿಷಿಗನ್ ಮತ್ತು ವಿಸ್ಕಾನ್ಸಿನ್ ಕಾಡುಗಳ ಬಿಳಿ ಪೈನ್ ಮರ ಮಿಷಿಗನ್ ಸರೋವರದ ಮೇಲೆ ಹಡಗಿನಲ್ಲಿ ಶಿಕಾಗೊಗೆ ಬಂದಿಳಿಯದಿದ್ದರೆ ಈ ವಿಧಾನ ಅಗ್ಗವಾಗುತ್ತಿರಲಿಲ್ಲ. ಅಲ್ಲಿಂದ ಮರ ರೈಲಿನಲ್ಲಿ ಲಿಸ್ಲ್‌ನಂಥ ಹಳ್ಳಿಗಳಿಗೆ ಹೋಗುತ್ತಿತ್ತು.

ಈ ಚೌಕಟ್ಟಿನ ಒಂದು ಗುಣ ಇಂದಿಗೂ ಮನೆಯೊಡೆಯನಿಗೆ ಉಪಯೋಗಕ್ಕೆ ಬರುತ್ತಿದೆ. ನಿಲುವು ರಿಪೀಸುಗಳ ಮಧ್ಯದಿಂದ ಮಧ್ಯಕ್ಕೆ 16 ಅಂಗುಲ ಅಂತರ ಇಡುವುದು ರೂಢಿ. ಇಂದಿನ ಅಳತೆಯ ರಿಪೀಸಿನ ದಪ್ಪ ಒಂದೂವರೆ ಅಂಗುಲವಾದ್ದರಿಂದ ನಡುವೆ ಹದಿನಾಲ್ಕೂವರೆ ಅಂಗುಲ ಅಗಲದ, ಮೂರೂವರೆ ಅಂಗುಲ ಆಳದ ಪೊಳ್ಳು ಉಳಿಯುತ್ತದೆ. ಬಚ್ಚಲುಮನೆಯ ಗೋಡೆಯೊಳಗೆ ಕೂರುವ ಔಷಧಿ ಕಪಾಟು, ಅಡುಗೆಮನೆಯ ಗೋಡೆಯಿಂದ ಮಡಚಿ ಹೊರಬರುವ ಇಸ್ತ್ರಿ ಹಲಗೆ, ಮಸಾಲೆ ಸೀಸೆಗಳ ಗೂಡು ಎಲ್ಲವೂ ಈ ಅಂತರವನ್ನು ಲೆಕ್ಕಹಾಕಿಯೇ ತಯಾರಾದವು. ಗೋಡೆ ಕೊರೆಯುವ ಮುನ್ನ ಅದು ಒಳಗೋಡೆಯೇ, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ ಅಲ್ಲಿ ಹಾಯ್ದಿಲ್ಲವೇ ಎಂದು ನೋಡಿಕೊಳ್ಳಬೇಕು. ಹೊರಗೋಡೆಯ ಪೊಳ್ಳಿನಲ್ಲಿ ಚಳಿ ತಡೆಯುವ ಸಾಮಗ್ರಿ ತುಂಬಿರುತ್ತದೆ, ಅದನ್ನು ಮುಟ್ಟಬಾರದು. ಬಲೂನ್ ಚೌಕಟ್ಟಿಗೆ ಒಂದು ದೊಡ್ಡ ಕೇಡೂ ಇತ್ತು. ತಳಪಾಯದಿಂದ ಸೂರಿನವರೆಗೆ ಪೊಳ್ಳು ಒಂದೇ ಸಮ ಹರಿದಿದ್ದರಿಂದ ಕೆಳಗೆ ಹೊತ್ತಿದ ಬೆಂಕಿ ಹೊಗೆಗೂಡಿನಲ್ಲಿ ಏರಿದಂತೆ ಮೇಲೇರುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ಪ್ರತಿ ಅಂತಸ್ತಿಗೂ ಚೌಕಟ್ಟನ್ನು ತುಂಡರಿಸಿ ಕಟ್ಟುವ ಪದ್ಧತಿ ಇದರ ಜಾಗಕ್ಕೆ ಬಂತು. ಗೋಡೆಯೊಳಗಿನ ಗೂಡುಗಳು ಮಾತ್ರ ಹಾಗೆಯೇ ಉಳಿದವು.

ನೆಲಮಾಳಿಗೆಯ ಹುಟ್ಟು ಚಳಿಯಲ್ಲಿದೆ. ಶಿಕಾಗೊ ಸೀಮೆಯಲ್ಲಿ ಚಳಿಗಾಲಕ್ಕೆ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತದೆ. ಹೆಪ್ಪುಗಟ್ಟುವ ಆಳಕ್ಕಿಂತ ಮೇಲಿರುವ ತಳಪಾಯ ಬಿರುಕುಬಿಡುವುದರಿಂದ ಅದು 42 ಅಂಗುಲಕ್ಕಿಂತ ಕೆಳಗೆ ಕೂರಬೇಕೆಂಬುದು ಇಲ್ಲಿನ ನಿಯಮ. ಹೇಗೂ ಮೂರೂವರೆ ಅಡಿ ಅಗೆದ ಮೇಲೆ ಇನ್ನೂ ಮೂರೂವರೆ ಅಡಿ ಅಗೆದರೆ ಮನೆಯಷ್ಟೇ ವಿಸ್ತಾರದ ಇನ್ನೊಂದು ಅಂತಸ್ತು ಅಲ್ಪ ಖರ್ಚಿನಲ್ಲಿ ಸಿಕ್ಕಿಬಿಡುತ್ತದೆ. ರೈತಮನೆಗಳಲ್ಲಿ ಅದು ಮೊದಲು ದವಸ-ತರಕಾರಿಯ ಉಗ್ರಾಣವಾಗಿತ್ತು: ಆಲೂಗಡ್ಡೆ, ಸೇಬು, ಎಲೆಕೋಸು, ಮರಳಿನಲ್ಲಿ ಹುಗಿದ ಗಜ್ಜರಿ. ಜಾನ್ ಲ್ಯಾಂಡಿಸ್ ಮೇಸನ್ 1858ರಲ್ಲಿ ತಿರುಪು ಮುಚ್ಚಳದ ಗಾಜಿನ ಸೀಸೆಗೆ ಪೇಟೆಂಟ್ ಪಡೆದ ಮೇಲೆ ಹಣ್ಣು-ತರಕಾರಿಯನ್ನು ಸೀಸೆಯಲ್ಲಿ ಕೂಡಿಡುವುದು ಮನೆಮನೆಯ ಕೆಲಸವಾಯಿತು. ಸೀಸೆಗಳಿಗೆಂದು ನೆಲಮಾಳಿಗೆಯ ಗೋಡೆಗೆ ಕಿರಿದಾದ ಹಲಗೆಗಳ ಸಾಲು ಬಂತು. ಉತ್ತರ ಕರ್ನಾಟಕದ ಬಯಲಿನಲ್ಲಿ ಜೋಳ ತುಂಬುತ್ತಿದ್ದ ಹಗೇವಿಗೂ ಇದಕ್ಕೂ ಉದ್ದೇಶ ಒಂದೇ. ಹಗೇವಿನ ಬಾಯಿಯನ್ನು ಮುಚ್ಚಿಡುತ್ತಿದ್ದರು, ಇದಕ್ಕೆ ದಿನವೂ ಮೆಟ್ಟಿಲಿಳಿದು ಹೋಗುತ್ತಿದ್ದರು.

ಶಿಕಾಗೊ ನಗರದ ಕಾರ್ಮಿಕರ ಗುಡಿಸಲುಮನೆಗಳಿಗೆ ಆರಂಭದಲ್ಲಿ ನೆಲಮಾಳಿಗೆ ಇರಲಿಲ್ಲ. ಅವರು ಹಿಡಿದ ದಾರಿ ವಿಚಿತ್ರವಾದದ್ದು. ನಗರ ಜೌಗು ನೆಲದ ಮೇಲಿತ್ತು. ಚರಂಡಿ ಹರಿಯಲು ಇಳಿಜಾರು ಸಿಗಲೆಂದು 1850ರ ದಶಕದಲ್ಲಿ ಎಂಜಿನಿಯರ್ ಎಲ್ಲಿಸ್ ಚೆಸ್‌ಬ್ರೋ ಅವರ ಯೋಜನೆಯಂತೆ ಬೀದಿಗಳನ್ನೇ ಹಲವು ಅಡಿ ಎತ್ತರಿಸಲಾಯಿತು. ದೊಡ್ಡ ಹೋಟೆಲುಗಳನ್ನು ನೂರಾರು ಆಳುಗಳು ತಿರುಪು ಜಾಕ್ ತಿರುಗಿಸಿ ಮೇಲೆತ್ತಿದರು. ಮುಂದೆ ರೈಲಿನ ಮಲಗುವ ಬೋಗಿಗಳಿಂದ ಹೆಸರಾದ ಜಾರ್ಜ್ ಪುಲ್‌ಮನ್ ಮೊದಲು ಹಣ ಮಾಡಿದ್ದು ಈ ಕಸುಬಿನಲ್ಲಿ. ಅದೇ ಜಾಕ್‌ಗಳು ಬಡವರ ಮರದ ಮನೆಗಳಿಗೂ ಬಂದವು. ಬಲೂನ್ ಚೌಕಟ್ಟಿನ ಮನೆ ಹಗುರ. ಅದನ್ನು ಮೇಲೆತ್ತಿ, ಅಡಿಗೆ ಇಟ್ಟಿಗೆಯ ಹೊಸ ಅಂತಸ್ತು ಕಟ್ಟಿ, ಮತ್ತೆ ಅದರ ಮೇಲೆ ಇಳಿಸಿಬಿಡುತ್ತಿದ್ದರು. ಛಾವಣಿ ಬಿಚ್ಚಬೇಕಿರಲಿಲ್ಲ, ಮಹಡಿ ಏರಿಸಬೇಕಿರಲಿಲ್ಲ, ಮನೆ ಇಮ್ಮಡಿಯಾಗುತ್ತಿತ್ತು. ಕೆಳಗಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟು ಸಾಲ ತೀರಿಸುವುದು ವಲಸಿಗರ ಪೇಟೆಗಳಲ್ಲಿ ಸಾಮಾನ್ಯವಾಗಿತ್ತು. ಮನೆ ಸುಧಾರಣೆಯ ಚರಿತ್ರೆಯಲ್ಲಿ ಇಷ್ಟು ದಿಟ್ಟವಾಗಿ ಹಣ ಉಳಿಸಿದ ಇನ್ನೊಂದು ಉಪಾಯ ಸಿಗುವುದು ಕಷ್ಟ.

ಇಪ್ಪತ್ತನೇ ಶತಮಾನದ ಆರಂಭಕ್ಕೆ ಶಿಕಾಗೊ ಅಗ್ಗದ ಮನೆಯ ತಿಳಿವಳಿಕೆಯನ್ನು ಕಾಗದದ ಮೇಲೆ ಮಾರುವ ಊರಾಯಿತು. ರ‍್ಯಾಡ್‌ಫರ್ಡ್ ಕಂಪನಿ ಮನೆ ನಕ್ಷೆಗಳ ಪುಸ್ತಕ ಅಚ್ಚು ಮಾಡುತ್ತಿತ್ತು. ಹೆನ್ರಿ ಹೇವನ್ ವಿಂಡ್ಸರ್ 1902ರಲ್ಲಿ ಇಲ್ಲಿಂದ ಶುರುಮಾಡಿದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಬಡಗಿಯಲ್ಲದವನೂ ಪೀಠೋಪಕರಣ ಮಾಡಿಕೊಳ್ಳುವಂತೆ ಅಳತೆ ಸಮೇತ ಚಿತ್ರಗಳನ್ನು ಕೊಡುತ್ತಿತ್ತು. ಸಿಯರ್ಸ್ ರೋಬಕ್ ಕಂಪನಿ ಇನ್ನೂ ಮುಂದೆ ಹೋಗಿ 1908ರಿಂದ 1940ರವರೆಗೆ ಇಡೀ ಮನೆಯನ್ನೇ ಅಂಚೆಯಲ್ಲಿ ಮಾರಿತು. ಕೊಯ್ದು ಸಂಖ್ಯೆ ಬರೆದ ತುಂಡುಗಳು, ಬಾಗಿಲು, ಮೊಳೆ, ಬಣ್ಣ ಎಲ್ಲ ಸೇರಿ ಸುಮಾರು 30,000 ಬಿಡಿಭಾಗಗಳು ರೈಲು ವ್ಯಾಗನ್ನಿನಲ್ಲಿ ಬರುತ್ತಿದ್ದವು. ಒಟ್ಟು 70,000ಕ್ಕೂ ಹೆಚ್ಚು ಮನೆ ಮಾರಾಟವಾದವೆಂಬ ಅಂದಾಜಿದೆ. ಮಿಷಿಗನ್‌ನ ಬೇ ಸಿಟಿಯ ಅಲ್ಲಾಡಿನ್ ಕಂಪನಿ 1906ರಲ್ಲೇ ಈ ವ್ಯಾಪಾರಕ್ಕಿಳಿದಿತ್ತು. ಲಿಸ್ಲ್‌ಗೆ ಪೂರ್ವದಲ್ಲಿ ಒತ್ತಿಕೊಂಡಿರುವ ಡೌನರ್ಸ್ ಗ್ರೋವ್‌ನಲ್ಲಿ ಸಿಯರ್ಸ್ ಮನೆಗಳು ಇಂದಿಗೂ ಹಲವಾರಿವೆ. ಎಲ್ಜಿನ್ ಪಟ್ಟಣದಲ್ಲಿ ಇನ್ನೂರಕ್ಕೂ ಹೆಚ್ಚನ್ನು ಗುರುತಿಸಿದ್ದಾರೆ. ಎರಡೂ ಊರು ರೈಲು ಹಾದಿಯಲ್ಲಿವೆ. ಸರಕು ನಿಲ್ದಾಣದಿಂದ ನಿವೇಶನಕ್ಕೆ ಗಾಡಿ ಬಾಡಿಗೆ ಕಡಿಮೆಯಾದಷ್ಟೂ ಮನೆ ಅಗ್ಗ.

ಆ ಕ್ಯಾಟಲಾಗಿನ ಮನೆಗಳಲ್ಲಿ ಸಾಮಾನಿಡುವ ಜಾಗವೂ ಮಾರಾಟದ ಸರಕಾಗಿತ್ತು. ಪ್ರತಿ ಮಲಗುವ ಕೋಣೆಗೂ ಬಟ್ಟೆಯ ಗೂಡು, ಅಡುಗೆಮನೆಗೆ ಗೋಡೆಯೊಂದಿಗೆ ಸೇರಿದ ಕಪಾಟು, ಮೂಲೆಯಲ್ಲಿ ಬೆಂಚು-ಮೇಜಿನ ತಿಂಡಿ ಜಾಗ ಎಲ್ಲವೂ ನಕ್ಷೆಯಲ್ಲೇ ಇರುತ್ತಿದ್ದವು. ಅಷ್ಟು ಕೊಳ್ಳಲಾರದವರಿಗೆ ನೆರೆಯ ಇಂಡಿಯಾನಾದ ನ್ಯೂ ಕ್ಯಾಸಲ್‌ನಲ್ಲಿ ತಯಾರಾಗುತ್ತಿದ್ದ ಹೂಸಿಯರ್ ಬೀರು ಇತ್ತು. ಹಿಟ್ಟಿನ ಡಬ್ಬಿ, ಜರಡಿ, ಸಕ್ಕರೆ ಜಾಡಿ, ಎಳೆದುಕೊಳ್ಳುವ ಕೆಲಸದ ಹಲಗೆ ಎಲ್ಲ ಒಂದೇ ಬೀರುವಿನಲ್ಲಿ ಅಡಕವಾಗಿ, ಕಂತಿನಲ್ಲಿ ಸಿಗುತ್ತಿತ್ತು. ಬರೀ ಒಲೆ ಮತ್ತು ಮೇಜು ಇದ್ದ ಅಡುಗೆಮನೆ ಒಂದು ಮಧ್ಯಾಹ್ನದಲ್ಲಿ ಸಜ್ಜಾಗುತ್ತಿತ್ತು.

1910ರಿಂದ 1940ರ ನಡುವೆ ಶಿಕಾಗೊದಲ್ಲಿ ಸುಮಾರು 80,000 ಇಟ್ಟಿಗೆ ಬಂಗಲೆಗಳು ಎದ್ದವು. ಹೆಸರು ಬಂಗಲೆ, ಅಳತೆ ಸಣ್ಣದು. ಕಿರಿದಾದ ನಿವೇಶನ, ಒಂದೂವರೆ ಅಂತಸ್ತು, ಅಡಿಗೆ ಪೂರ್ತಿ ನೆಲಮಾಳಿಗೆ, ಮೇಲೆ ಮುಗಿಸದೆ ಬಿಟ್ಟ ಅಟ್ಟ. ಆ ಮುಗಿಸದಿರುವಿಕೆಯಲ್ಲೇ ಅದರ ಅರ್ಥಶಾಸ್ತ್ರವಿತ್ತು. ಕೊಳ್ಳುವಾಗ ಒಂದು ಅಂತಸ್ತಿಗೆ ಹಣ ಕೊಟ್ಟು, ಮಕ್ಕಳು ಹುಟ್ಟಿದಂತೆ, ಕೂಲಿ ಏರಿದಂತೆ ಅಟ್ಟಕ್ಕೆ ನೆಲಹಲಗೆ ಹಾಸಿ ಕೋಣೆ ಮಾಡಿಕೊಳ್ಳಬಹುದಿತ್ತು. ಬರ್ವಿನ್, ಸಿಸೆರೊ ಪೇಟೆಗಳ ಚೆಕ್ ಕುಟುಂಬಗಳು ತಮ್ಮದೇ ಉಳಿತಾಯ ಸಂಘಗಳಿಂದ ಸಾಲ ಪಡೆದು ಇಂಥ ಬೀದಿಗಳನ್ನೇ ತುಂಬಿದವು. ಲಿಸ್ಲ್‌ಗೆ ಈ ಸಮುದಾಯದ ನಂಟು ಹಳೆಯದು: ಶಿಕಾಗೊದ ಚೆಕ್ ಬೆನೆಡಿಕ್ಟೈನ್ ಸನ್ಯಾಸಿಗಳು ಸೇಂಟ್ ಪ್ರೊಕೋಪಿಯಸ್ ಕಾಲೇಜನ್ನು 1901ರಲ್ಲಿ ಅಲ್ಲಿಗೆ ಸ್ಥಳಾಂತರಿಸಿದರು. ವಲಸಿಗರ ಅನೇಕ ಮನೆಗಳಲ್ಲಿ ನೆಲಮಾಳಿಗೆಗೆ ಎರಡನೆಯ ಒಲೆ ಬಂತು. ಬೇಸಿಗೆಯ ಅಡುಗೆ, ಉಪ್ಪಿನಕಾಯಿ, ಹಬ್ಬದ ದೊಡ್ಡ ಬೇಯಿಸುವಿಕೆ ಅಲ್ಲೇ. ಮೇಲಿನ ಅಡುಗೆಮನೆ ನೆಂಟರಿಗೆ ತೋರಿಸಲು ಥಳಥಳ ಹೊಳೆಯುತ್ತಿತ್ತು.

ಆದರೂ ನೆಲಮಾಳಿಗೆಯ ದೊಡ್ಡ ಪಾಲು ಇನ್ನೂ ಮನೆಯವರಿಗೆ ದಕ್ಕಿರಲಿಲ್ಲ. ನಡುವೆ ನಾಲ್ಕು ಕಡೆಗೂ ದಪ್ಪ ಕೊಳವೆ ಚಾಚಿದ ಕುಲುಮೆ, ಗೋಡೆಯ ಪಕ್ಕ ಕಲ್ಲಿದ್ದಲಿನ ಕೋಣೆ, ಬೂದಿಯ ಬಕೀಟುಗಳು. ಹೊರಗೋಡೆಯ ಸಣ್ಣ ಕಬ್ಬಿಣದ ಬಾಗಿಲಿನಿಂದ ಇದ್ದಲು ಸುರಿದಾಗ ಎದ್ದ ಕರಿಧೂಳು ಒಗೆದ ಬಟ್ಟೆಯನ್ನೂ ಬಿಡುತ್ತಿರಲಿಲ್ಲ. 1931ರಲ್ಲಿ ಟೆಕ್ಸಾಸ್‌ನ ಅನಿಲವನ್ನು ಸುಮಾರು ಸಾವಿರ ಮೈಲಿಯ ಕೊಳವೆ ಶಿಕಾಗೊಗೆ ತಂದಿತು. ಎರಡನೇ ಮಹಾಯುದ್ಧದ ನಂತರ ಹೊಸ ಕೊಳವೆ ಮಾರ್ಗಗಳು ಬಂದ ಮೇಲೆ ಮನೆ ಕಾಯಿಸಲು ಅನಿಲ ಸಾಮಾನ್ಯವಾಯಿತು. ಇದ್ದಲಿನ ಕೋಣೆ ಖಾಲಿಯಾಯಿತು, ಹೊಸ ಕುಲುಮೆ ಒಂದು ಮೂಲೆಗೆ ಸರಿಯಿತು. ಅಡುಗೆಮನೆಯ ಪಕ್ಕದಲ್ಲೂ ಹೀಗೇ ನಡೆಯಿತು. ಡೆಟ್ರಾಯಿಟ್‌ನ ಕೆಲ್ವಿನೇಟರ್‌ನಂಥ ಕಂಪನಿಗಳ ರೆಫ್ರಿಜರೇಟರು ಬಂದಾಗ ಹಿಂದಿನ ಜಗುಲಿಯಲ್ಲಿದ್ದ ಮಂಜುಗಡ್ಡೆ ಪೆಟ್ಟಿಗೆಗೆ ಕೆಲಸವಿಲ್ಲದಾಯಿತು, ಆ ಜಗುಲಿಗೆ ಗಾಜು ಹಾಕಿಸಿಕೊಂಡವರಿಗೆ ಇನ್ನೊಂದು ಕೋಣೆ ಸಿಕ್ಕಿತು. ಮನೆಯೊಂದರ ಬಳಕೆಯ ಜಾಗ ಇಷ್ಟು ಹೆಚ್ಚಿದ್ದು ಬಡಗಿಯ ಕೈಚಳಕದಿಂದಲ್ಲ, ಇಂಧನ ಬದಲಾದದ್ದರಿಂದ ಎಂಬುದನ್ನು ಮನೆ ಅಲಂಕಾರದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಖಾಲಿಯಾದ ಜಾಗವನ್ನು ಕೋಣೆ ಮಾಡಲು ಹಣವೂ ಹಲಗೆಯೂ ಬೇಕು. ಹಣದ ದಾರಿ 1934ರ ರಾಷ್ಟ್ರೀಯ ವಸತಿ ಕಾಯ್ದೆಯಿಂದ ತೆರೆಯಿತು. ಅದರ ಮೊದಲ ಅಧ್ಯಾಯವೇ ಮನೆ ರಿಪೇರಿ ಸಾಲದ್ದು. 2,000 ಡಾಲರ್‌ವರೆಗಿನ ಸಾಲಕ್ಕೆ ಸರ್ಕಾರ ವಿಮೆ ಕೊಟ್ಟದ್ದರಿಂದ ಬ್ಯಾಂಕುಗಳು ಅಡಮಾನವಿಲ್ಲದೆಯೂ ಮುಂದೆ ಬಂದವು. ಹಲಗೆಯ ದಾರಿ ಶಿಕಾಗೊದ್ದೇ. ಅಲ್ಲಿ ಕೇಂದ್ರ ಕಚೇರಿಯಿದ್ದ ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪನಿ 1917ರಲ್ಲಿ ‘ಷೀಟ್‌ರಾಕ್’ ಹೆಸರಿನ ಜಿಪ್ಸಮ್ ಹಲಗೆಯನ್ನು ಮಾರುಕಟ್ಟೆಗೆ ತಂದಿತ್ತು. ಹಸಿ ಗಿಲಾವು ಬಳಿದು ವಾರಗಟ್ಟಲೆ ಒಣಗಿಸುವ ಕೆಲಸವನ್ನು ಇದು ಕೆಲವೇ ದಿನಗಳಿಗೆ ಇಳಿಸಿತು. 1933-34ರಲ್ಲಿ ಶಿಕಾಗೊ ಸರೋವರ ತೀರದಲ್ಲಿ ನಡೆದ ‘ಪ್ರಗತಿಯ ಶತಮಾನ’ ಪ್ರದರ್ಶನದಲ್ಲಿ ನಾಳೆಯ ಮನೆಗಳ ಸಾಲೇ ಇತ್ತು. ಮರದ ನಾರು ಒತ್ತಿ ಮಾಡಿದ ಮೇಸೊನೈಟ್ ಹಲಗೆಯ ಮನೆಯೂ ಅದರಲ್ಲೊಂದು. ಜಾರ್ಜ್ ಫ್ರೆಡ್ ಕೆಕ್ ವಿನ್ಯಾಸದ ಗಾಜಿನ ಮನೆಗೆ ವಿಮಾನ ನಿಲ್ಲಿಸುವ ಕೋಣೆ ಕೂಡ ಇತ್ತು. ನೋಡಲು ಬಂದವರು ವಿಮಾನವನ್ನು ಕೊಳ್ಳಲಿಲ್ಲ. ಹಲಗೆ ಮಾತ್ರ ಅವರ ಮನೆ ಸೇರಿತು. ಅದೇ ಒತ್ತುಹಲಗೆಗೆ ಸಾಲಾಗಿ ತೂತು ಕೊರೆದ ಪೆಗ್‌ಬೋರ್ಡ್ ಮುಂದೆ ಗ್ಯಾರೇಜಿನ ಸುತ್ತಿಗೆ, ಇಕ್ಕಳ, ಗರಗಸಗಳ ಗೋಡೆಯಾಯಿತು.

ಯುದ್ಧದ ನಂತರ ಮನೆಗಳ ಬರಗಾಲದಲ್ಲಿ ಹುಟ್ಟಿದ ಲಸ್ಟ್ರಾನ್ ಮನೆ ಈ ಚರಿತ್ರೆಯ ವಿಚಿತ್ರ ತಿರುವು. ಕಾರ್ಲ್ ಸ್ಟ್ರಾಂಡ್‌ಲಂಡ್ ಅದರ ಮಾದರಿಯನ್ನು ಡ್ಯುಪೇಜ್ ಸೀಮೆಯ ಹಿನ್ಸ್‌ಡೇಲ್‌ನಲ್ಲಿ ನಿಲ್ಲಿಸಿದರು, ಕಾರ್ಖಾನೆಯನ್ನು ಒಹಾಯೊದ ಕೊಲಂಬಸ್‌ನಲ್ಲಿ ತೆರೆದರು. ಗೋಡೆ, ಛಾವಣಿ, ಒಳಮಾಡು ಎಲ್ಲವೂ ಪಿಂಗಾಣಿ ಲೇಪದ ಉಕ್ಕು. ನೆಲಮಾಳಿಗೆ ಇಲ್ಲದ್ದರಿಂದ ಕಪಾಟು, ಪುಸ್ತಕದ ಗೂಡು, ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಎರಡು ಕಡೆ ತೆರೆಯುವ ಪಾತ್ರೆ ಕಪಾಟು, ಗೋಡೆಯೊಳಕ್ಕೆ ಸರಿಯುವ ಬಾಗಿಲು ಎಲ್ಲವನ್ನೂ ಕಾರ್ಖಾನೆಯಲ್ಲೇ ತಯಾರಿಸಿ ಕಳಿಸುತ್ತಿದ್ದರು. ಸರ್ಕಾರದ ಸಾಲ ತೀರಿಸಲಾಗದೆ ಕಂಪನಿ 1950ರಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 2,500 ಮನೆ ತಯಾರಾಗಿದ್ದವು. ಲಿಸ್ಲ್‌ಗೆ ಹತ್ತಿರದ ಲೊಂಬಾರ್ಡ್‌ನಲ್ಲಿ ಅವುಗಳ ಒಂದು ಗುಂಪೇ ಇದೆ. ಸಾಮಾನಿನ ಜಾಗವನ್ನು ಇಷ್ಟು ಯೋಚಿಸಿ ಮಾಡಿದ ಮನೆಯಲ್ಲಿ ಮನೆಯವರು ಒಂದು ಮೊಳೆ ಹೊಡೆಯುವಂತಿರಲಿಲ್ಲ. ಫೋಟೊ ತೂಗಿಹಾಕಲೂ ಅಯಸ್ಕಾಂತ ಬೇಕಿತ್ತು. ಕುಟುಂಬ ಬೆಳೆದರೆ ಜೊತೆಗೆ ಬೆಳೆಯುವ ಗುಣ ಬಂಗಲೆಗೆ ಇತ್ತು, ಇದಕ್ಕಿರಲಿಲ್ಲ.

ಮರದ ಮನೆಗಳ ಕಟ್ಟಡಗಾರರೂ ಅದೇ ಹೊತ್ತಿಗೆ ನೆಲಮಾಳಿಗೆ ಬಿಡತೊಡಗಿದ್ದರು. 1948ರಲ್ಲಿ ಜನ ನೆಲಸತೊಡಗಿದ ಶಿಕಾಗೊ ಉಪನಗರ ಪಾರ್ಕ್ ಫಾರೆಸ್ಟ್‌ನ ಅನೇಕ ಮನೆಗಳು ಬರೀ ಕಾಂಕ್ರೀಟು ಚಪ್ಪಡಿಯ ಮೇಲೆ ಕೂತವು. ಅಟ್ಟವೂ ಹೋಗುತ್ತ ಬಂತು. 1950ರ ದಶಕದ ನಂತರ ಕಾರ್ಖಾನೆಯಲ್ಲಿ ಉಕ್ಕಿನ ತಗಡಿನಿಂದ ಜೋಡಿಸಿದ ತ್ರಿಕೋನ ಚೌಕಟ್ಟುಗಳು ಛಾವಣಿಗೆ ಬಂದವು. ಮರ ಉಳಿಯಿತು, ಕೂಲಿ ಉಳಿಯಿತು, ಆದರೆ ಸೂರಿನಡಿ ಅಡ್ಡಡ್ಡ ರಿಪೀಸುಗಳು ತುಂಬಿ ಒಬ್ಬ ಮನುಷ್ಯ ತೂರಲೂ ಜಾಗವಿಲ್ಲವಾಯಿತು. ಇಂಥ ಅಟ್ಟದ ಮೇಲೆ ಟ್ರಂಕು ಪೇರಿಸಿದರೆ ಒಳಮಾಡು ಜೋತುಬೀಳುತ್ತದೆ, ಚಳಿ ತಡೆಯುವ ಸಾಮಗ್ರಿ ಅಮುಕಿ ಕೆಡುತ್ತದೆ. ಹೀಗೆ ಕಳೆದುಹೋದ ಜಾಗದ ಭಾರವೆಲ್ಲ ಮನೆಗೆ ಅಂಟಿಕೊಂಡ ಕಾರಿನ ಗ್ಯಾರೇಜಿನ ಮೇಲೆ ಬಿತ್ತು. ಈ ಉಪನಗರಗಳ ಅನೇಕ ಗ್ಯಾರೇಜುಗಳಲ್ಲಿ ಕಾರಿಗೇ ಜಾಗವಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಲಿಸ್ಲ್ ಗ್ರಾಮಾಡಳಿತವಾಗಿ ನೋಂದಣಿಯಾದದ್ದು 1956ರಲ್ಲಿ. 1958ರಲ್ಲಿ ಈಸ್ಟ್-ವೆಸ್ಟ್ ಟೋಲ್ ರಸ್ತೆ ತೆರೆಯಿತು, ಹೊಲಗಳು ಬಡಾವಣೆಗಳಾದವು. ಅರ್ಧ ನೆಲದೊಳಗಿರುವ ಕೆಳಮಟ್ಟದ, ಮೂರು ಹಂತಗಳ ಮನೆಗಳು ಆ ಕಾಲದ ನಮೂನೆ. ಟೈಮ್ ವಾರಪತ್ರಿಕೆ 1954ರ ಆಗಸ್ಟಿನಲ್ಲಿ ‘ನೀವೇ ಮಾಡಿ’ ಗೀಳನ್ನು ಮುಖಪುಟಕ್ಕೆ ಹಾಕಿತ್ತು. ಆ ಗೀಳಿನ ಸರಕು ಸಿಗುತ್ತಿದ್ದದ್ದು ಊರೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ. 1924ರಲ್ಲಿ ಶಿಕಾಗೊದ ಕೆಲವು ಅಂಗಡಿಕಾರರು ಒಟ್ಟಾಗಿ ಕೊಂಡರೆ ಅಗ್ಗವೆಂದು ಕೂಡಿ ಏಸ್ ಹಾರ್ಡ್‌ವೇರ್ ಕಟ್ಟಿದರು. ಜಾನ್ ಕಾಟರ್ 1948ರಲ್ಲಿ ಅಲ್ಲೇ ಶುರುಮಾಡಿದ ಸಂಸ್ಥೆ ಮುಂದೆ ಟ್ರೂ ವ್ಯಾಲ್ಯೂ ಆಯಿತು. ದೇಶದ ಎರಡು ದೊಡ್ಡ ಹಾರ್ಡ್‌ವೇರ್ ಸರಪಳಿಗಳು ಒಂದೇ ನಗರದಲ್ಲಿ ಹುಟ್ಟಿದ್ದಕ್ಕೆ ಅಲ್ಲಿನ ರೈಲು ಜಾಲವೂ ಒಂದು ಕಾರಣವಿರಬಹುದು. ದುಬಾರಿ ಬದಿಯಲ್ಲಿ, ಪಕ್ಕದ ಸೇಂಟ್ ಚಾರ್ಲ್ಸ್‌ನಲ್ಲಿ 1935ರಿಂದ ತಯಾರಾದ ಉಕ್ಕಿನ ಅಡುಗೆ ಕಪಾಟುಗಳು ಫ್ರ್ಯಾಂಕ್ ಲಾಯ್ಡ್ ರೈಟ್ ಅವರ ಫಾಲಿಂಗ್‌ವಾಟರ್ ಮನೆಯನ್ನೂ ಸೇರಿದವು. ಸಾಧಾರಣ ಮನೆಗೆ ಅಂಥವು ಬಂದದ್ದು ಎರಡನೆಯ ಕೈಯಲ್ಲಿ. ಅಡುಗೆಮನೆ ಹೊಸದಾದಾಗ ಕಿತ್ತ ಹಳೆಯ ಕಪಾಟು ಎಸೆಯದೆ ನೆಲಮಾಳಿಗೆಯ ಗೋಡೆಗೆ ಹೋಗುವುದು ಇಲ್ಲಿನ ಹಳೆಯ ಪದ್ಧತಿ. ಖರ್ಚಿಲ್ಲದ ಸುಧಾರಣೆಗಳಲ್ಲಿ ಅದಕ್ಕಿಂತ ಒಳ್ಳೆಯದು ಕಡಿಮೆ. 2005ರಲ್ಲಿ ನೆರೆಯ ಬೋಲಿಂಗ್‌ಬ್ರುಕ್‌ನಲ್ಲಿ ಐಕಿಯಾ ಅಂಗಡಿ ತೆರೆದ ಮೇಲೆ ಚಪ್ಪಟೆ ಪೆಟ್ಟಿಗೆಯಲ್ಲಿ ತಂದು ಜೋಡಿಸುವ ಬೀರುಗಳು ಈ ಸೀಮೆಗೆ ಧಾರಾಳವಾಗಿ ಬಂದವು. ಸಿಯರ್ಸ್ ಮನೆ ಜೋಡಿಸಿದ ಊರಿಗೆ ಅದು ಹೊಸ ವಿದ್ಯೆಯೇನೂ ಆಗಿರಲಿಲ್ಲ.

1965ರ ವಲಸೆ ಕಾಯ್ದೆಯ ನಂತರ ಬಂದ ಭಾರತೀಯರಲ್ಲಿ ಕನ್ನಡದ ಕುಟುಂಬಗಳೂ ಇದ್ದವು. ನೇಪರ್‌ವಿಲ್‌ನಲ್ಲಿ 1966ರಲ್ಲಿ ತೆರೆದ ಬೆಲ್ ಲ್ಯಾಬ್ಸ್‌ನಂಥ ಕೆಲಸದ ಜಾಗಗಳು ವಿದ್ಯಾವಂತ ವಲಸಿಗರನ್ನು ಈ ಕಡೆಗೆ ಸೆಳೆದವು. ಶಿಕಾಗೊ ಸೀಮೆಯ ಕನ್ನಡಿಗರು ವಿದ್ಯಾರಣ್ಯ ಕನ್ನಡ ಕೂಟ ಕಟ್ಟಿಕೊಂಡರು. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆ, ದೇವರಮನೆಯ ಪಕ್ಕ ಸಾಮಾನುಕೋಣೆ ಇದ್ದ ಮನೆಗಳಿಂದ ಬಂದವರಿಗೆ ನೆಲಮಾಳಿಗೆ ಸುಲಭವಾಗಿ ಒಗ್ಗಿತು. ಅಕ್ಕಿಯ ಮೂಟೆ, ಊರಿನಿಂದ ತಂದ ದೊಡ್ಡ ಪಾತ್ರೆ, ಸೂಟ್‌ಕೇಸುಗಳ ಸಾಲು ಅಲ್ಲಿಗೆ ಹೋಗುತ್ತವೆ. ದಸರಾ ಬೊಂಬೆಗಳು ವರ್ಷದ ಉಳಿದ ದಿನ ಅಲ್ಲೇ ಪ್ಲಾಸ್ಟಿಕ್ ಡಬ್ಬಗಳಲ್ಲಿ ಮಲಗಿದ್ದು, ಹಬ್ಬ ಬಂದಾಗ ಮೇಲೇರುತ್ತವೆ. ಕೆಲವೊಮ್ಮೆ ನೆಲಮಾಳಿಗೆಯ ಕಪಾಟಿನ ಹಲಗೆಗಳೇ ಬೊಂಬೆಯ ಮೆಟ್ಟಿಲಾಗುತ್ತವೆ. ಸಂಗೀತದ ಅಭ್ಯಾಸ, ಹುಟ್ಟುಹಬ್ಬ, ನೂರು ಜನರಿಗಲ್ಲದಿದ್ದರೂ ಮೂವತ್ತು ಜನರಿಗೆ ಎಲೆ ಹಾಕುವ ಕೂಟ, ಇವಕ್ಕೂ ಅದೇ ಜಾಗ.

ನೆಲದಡಿಯ ಈ ಅಗ್ಗದ ಅಂತಸ್ತಿಗೆ ನೀರಿನ ಕಾಟ ಬಿಟ್ಟಿಲ್ಲ. ಡ್ಯುಪೇಜ್ ನದಿಯ ಪೂರ್ವ ಕವಲೂ ಸೇಂಟ್ ಜೋಸೆಫ್ ತೊರೆಯೂ ಲಿಸ್ಲ್ ಮೂಲಕ ಹರಿಯುತ್ತವೆ. 1996ರ ಜುಲೈನಲ್ಲಿ ಹತ್ತಿರದ ಅರೋರಾದಲ್ಲಿ ಒಂದೇ ದಿನ 16.9 ಅಂಗುಲ ಮಳೆ ಸುರಿಯಿತು. 2013ರ ಏಪ್ರಿಲ್ ನೆರೆಯಲ್ಲಿ ಲಿಸ್ಲ್‌ನ ಮನೆಗಳಿಗೇ ನೀರು ನುಗ್ಗಿತು. ಆದ್ದರಿಂದ ಸಂಪ್ ಪಂಪು, ವಿದ್ಯುತ್ ಹೋದಾಗ ಅದನ್ನು ನಡೆಸುವ ಬ್ಯಾಟರಿ, ನೆಲದಿಂದ ಕೆಲವು ಅಂಗುಲ ಮೇಲಿರುವ ಲೋಹದ ಅಥವಾ ಪ್ಲಾಸ್ಟಿಕ್ ಕಪಾಟು, ರಟ್ಟಿನ ಬದಲು ಮುಚ್ಚಳದ ಡಬ್ಬ ಇಲ್ಲಿ ಮೊದಲ ಖರ್ಚುಗಳಾಗಬೇಕು. ಗೋಡೆಗೆ ಹಲಗೆ ಹೊಡೆಯುವುದು ಆಮೇಲಿನ ಮಾತು. ಮಣ್ಣಿನಿಂದ ಏರಿಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲದ ಪರೀಕ್ಷೆಯೂ ಬೇಕಾಗುತ್ತದೆ. ಮನೆ ಮಾರುವಾಗ ಅದರ ಬಗ್ಗೆ ತಿಳಿದದ್ದನ್ನು ಕೊಳ್ಳುವವರಿಗೆ ಹೇಳಬೇಕೆಂದು ಇಲಿನಾಯ್ ರಾಜ್ಯ 2008ರಿಂದ ಕಾನೂನು ಮಾಡಿದೆ. ನೆಲಮಾಳಿಗೆಯಲ್ಲಿ ಮಲಗುವ ಕೋಣೆ ಮಾಡುವುದಾದರೆ ಬೆಂಕಿ ಬಿದ್ದಾಗ ಹೊರಬರುವಷ್ಟು ದೊಡ್ಡ ಕಿಟಕಿ ಇರಲೇಬೇಕು. ಅಮೆರಿಕದಲ್ಲಿ ವ್ಯಾಪಕವಾಗಿ ಅನುಸರಿಸುವ ವಸತಿ ಸಂಹಿತೆಯ ಪ್ರಕಾರ ಅದರ ತೆರವು ಕನಿಷ್ಠ 5.7 ಚದರ ಅಡಿ ಇರಬೇಕು, ನೆಲದಿಂದ ಕಿಟಕಿಯ ಹೊಸ್ತಿಲು 44 ಅಂಗುಲ ಮೀರಬಾರದು. ತಳಪಾಯದ ಗೋಡೆ ಕೊರೆದು ಇಂಥ ಕಿಟಕಿ ಕೂರಿಸುವುದು ಈ ಸುಧಾರಣೆಗಳಲ್ಲೆಲ್ಲ ದುಬಾರಿ ಕೆಲಸವಾದ್ದರಿಂದ ಅನೇಕ ಮನೆಗಳಲ್ಲಿ ನೆಲಮಾಳಿಗೆ ಮಲಗುವ ಕೋಣೆಯಾಗದೆ ಸಾಮಾನಿನ ಕೋಣೆಯಾಗಿಯೇ ಉಳಿದಿದೆ.